ಬಿಲ್ಲೆಯ ಮೇಲಿನ ನಂಬರು: ಕೆಜಿಎಫ್‌ನ ತಾತನನ್ನು ಹುಡುಕುವುದು ಹೇಗೆ?

ಪ್ರಶ್ನೆ: ನಮ್ಮ ಮುತ್ತಾತ 1910ರ ಆಸುಪಾಸಿನಲ್ಲಿ ಉತ್ತರ ಆರ್ಕಾಟ್ ಜಿಲ್ಲೆಯ ಹಳ್ಳಿಯೊಂದರಿಂದ ಕೋಲಾರದ ಚಿನ್ನದ ಗಣಿಗೆ ಬಂದವರು. ತಾತ 1934ರಲ್ಲಿ ಚಾಂಪಿಯನ್ ರೀಫ್ ಗಣಿಗೆ ಸೇರಿ, ಕೊನೆಯವರೆಗೂ ನೆಲದಡಿಯ ಕೆಲಸದಲ್ಲೇ ಇದ್ದು, 1963ರಲ್ಲಿ, ಇನ್ನೂ ಐವತ್ತು ತುಂಬುವ ಮೊದಲೇ ತೀರಿಕೊಂಡರು. ಟಿಬಿ ಆಗಿತ್ತು ಎಂದು ಮನೆಯಲ್ಲಿ ಹೇಳುತ್ತಾರೆ. ಅಪ್ಪ 1970ರಿಂದ ಗಣಿ ಮುಚ್ಚುವವರೆಗೂ ಅಲ್ಲೇ ದುಡಿದರು. ನಾನು ಬೆಳೆದದ್ದು ಗಣಿ ಕಾರ್ಮಿಕರ ಸಾಲುಮನೆಗಳಲ್ಲಿ, ಅಂದರೆ ಲೈನ್ ಮನೆಯಲ್ಲಿ, ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಹದಿನಾಲ್ಕು ವರ್ಷದ ಮಗ ಸಿನಿಮಾ ನೋಡಿ ಬಂದು, ‘ನಮ್ಮವರೆಲ್ಲ ಗುಲಾಮರಾಗಿದ್ದರಾ?’ ಎಂದು ಕೇಳಿದ. ಆಫೀಸಿನಲ್ಲಿ ಊರಿನ ಹೆಸರು ಹೇಳಿದರೆ ‘ಹಾಗಾದರೆ ಮನೆಯಲ್ಲಿ ಚಿನ್ನಕ್ಕೇನು ಕಮ್ಮಿ’ ಎಂದು ನಗುತ್ತಾರೆ. ಓದೋಣವೆಂದರೆ ಸಿಗುವುದೆಲ್ಲ ದೊರೆಗಳ ಕ್ಲಬ್ಬು, ಬಂಗಲೆ, ವಿದ್ಯುದ್ದೀಪಗಳ ಕಥೆ. ತಾತನದೆಂದು ಉಳಿದಿರುವುದು ಎರಡೇ ವಸ್ತು: ‘ಸಿ.ಆರ್.’ ಎಂಬ ಅಕ್ಷರಗಳನ್ನೂ ನಾಲ್ಕಂಕಿಯ ನಂಬರನ್ನೂ ಒತ್ತಿರುವ ಹಿತ್ತಾಳೆ ಬಿಲ್ಲೆ, ಮತ್ತು ಹೂವು ಹಾಕಿದ ಬುದ್ಧನ ಪಟದ ಮುಂದೆ ಹತ್ತಾರು ಗಂಡಸರು ನಿಂತಿರುವ ಒಂದು ಫೋಟೊ. ಫೋಟೊದ ಹಿಂಬದಿಯಲ್ಲಿ ತಮಿಳಿನಲ್ಲಿ ‘ಮಾರಿಕುಪ್ಪಂ’ ಎಂದು ಬರೆದಿದೆ. ದೊಡ್ಡಪ್ಪನನ್ನು ಕೇಳಿದರೆ, ‘ಅದೆಲ್ಲ ಈಗ ಯಾಕಮ್ಮ, ಒಳಗಿಡು’ ಎಂದುಬಿಟ್ಟರು. ತಾತನ ಬಗ್ಗೆ ತಿಳಿಯಲು ದಾರಿ ಇದೆಯೇ? ಕೆದಕುವುದು ಸರಿಯೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಮಗನಿಗೆ ಏನು ಹೇಳುವುದು, ಆಫೀಸಿನವರ ಕುಹಕದಲ್ಲಿ ನಿಜವೆಷ್ಟು, ದೊಡ್ಡಪ್ಪನ ಮೌನವನ್ನು ಮೀರಬಹುದೇ. ಗಣಿ ಊರುಗಳ ಕಾರ್ಮಿಕ ಕುಟುಂಬಗಳ ಚರಿತ್ರೆಯನ್ನು ಕಲೆಹಾಕುವ ಕೆಲಸದಲ್ಲಿ ಮೂವತ್ತು ವರ್ಷ ಕಳೆದಿರುವ ನನಗೆ ಈ ಮೂರರ ಬೇರೂ ಒಂದೇ ಎಂದು ತೋರುತ್ತದೆ. ನಿಮ್ಮ ತಾತ ಪುಸ್ತಕಗಳಲ್ಲಿ ಸಿಗದಿರುವುದಕ್ಕೂ, ಮನೆಯವರು ಅವರ ಬಗ್ಗೆ ಬಾಯಿ ಬಿಡದಿರುವುದಕ್ಕೂ ಕಾರಣ ನಿಮ್ಮ ಕೈಯಲ್ಲಿರುವ ಆ ಬಿಲ್ಲೆಯಲ್ಲೇ ಇದೆ. ಕಂಪನಿಗೆ ಅವರು ಬೇಕಾಗಿದ್ದುದು ಒಂದು ನಂಬರಾಗಿ, ಮತ್ತು ಆ ನಂಬರು ಕೂಲಿಯ ಲೆಕ್ಕಕ್ಕೆ ಎಷ್ಟು ಬಳಕೆಯಾಯಿತೋ ಅನುಮಾನದ ಲೆಕ್ಕಕ್ಕೂ ಅಷ್ಟೇ ಬಳಕೆಯಾಯಿತು.

ಮೊದಲು ಮಗನ ಪ್ರಶ್ನೆ. ಬಂದೂಕಿನ ಕಾವಲು, ಹೊರಜಗತ್ತಿಗೆ ಗೊತ್ತೇ ಇಲ್ಲದ ಗಣಿ, ಅದನ್ನಾಳುವ ಒಬ್ಬ ಒಡೆಯ, ಇವೆಲ್ಲ ಕಥೆಗಾರರ ಕಲ್ಪನೆ. ಕೋಲಾರದ ಗಣಿಯಲ್ಲಿ ಗುಟ್ಟಿನದೇನೂ ಇರಲಿಲ್ಲ. 1802ರಲ್ಲಿ ಮೈಸೂರು ಸಂಸ್ಥಾನದ ಗಡಿ ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರನ್ ಊರಿಗಾಂ ಮತ್ತು ಮಾರಿಕುಪ್ಪಂ ಸುತ್ತ ಚಿನ್ನವಿರುವುದನ್ನು ಬರೆದಿಟ್ಟ. ಅದನ್ನು ಓದಿದ್ದ ಮೈಕೆಲ್ ಫಿಟ್ಜ್‌ಜೆರಾಲ್ಡ್ ಲ್ಯಾವೆಲ್ ಎಂಬ ನಿವೃತ್ತ ಸೈನಿಕ 1871ರಲ್ಲಿ ಬೆಂಗಳೂರಿನಿಂದ ಎತ್ತಿನ ಗಾಡಿ ಕಟ್ಟಿಕೊಂಡು ಬಂದು ನೋಡಿ, 1875ರಲ್ಲಿ ಮೈಸೂರು ಸರ್ಕಾರದಿಂದ ಪರವಾನಗಿ ಪಡೆದ. ಅವನ ಕೈಯಲ್ಲಿ ಬಂಡವಾಳವಿರಲಿಲ್ಲ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಲಂಡನ್ನಿನ ಸಂಸ್ಥೆ ಬಂದ ಮೇಲೆ, ಅದರ ಆಡಳಿತದಲ್ಲಿ ಷೇರುದಾರರ ಕಂಪನಿಗಳು ಗಣಿಗಳನ್ನು ನಡೆಸಿದವು, ಮೈಸೂರು ಸರ್ಕಾರ ರಾಯಧನ ಪಡೆಯುತ್ತಿತ್ತು. 1956ರಲ್ಲಿ ಮೈಸೂರು ರಾಜ್ಯ ಗಣಿಗಳನ್ನು ರಾಷ್ಟ್ರೀಕರಿಸಿತು, 1962ರಲ್ಲಿ ಅವು ಕೇಂದ್ರದ ಕೈಗೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ರಚನೆಯಾಯಿತು, 2001ರ ಫೆಬ್ರುವರಿ 28ಕ್ಕೆ ಕೆಲಸ ನಿಂತಿತು. ಲ್ಯಾವೆಲ್‌ನ ಹೆಸರಿನ ರಸ್ತೆ ಬೆಂಗಳೂರಿನಲ್ಲಿ ಇಂದಿಗೂ ಇದೆ, ನಿಮ್ಮ ಮಗ ಅಲ್ಲಿ ಓಡಾಡಿಯೂ ಇರಬಹುದು.

ಹಾಗಾದರೆ ಮುತ್ತಾತ ಸ್ವತಂತ್ರ ಕೂಲಿಗಾರರಾಗಿದ್ದರೇ ಎಂದರೆ, ಹೌದು ಎನ್ನಲೂ ನಾಲಿಗೆ ತಡೆಯುತ್ತದೆ. ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಸೀಮೆಗಳಿಂದ ಬಂದವರಲ್ಲಿ ಬಹುಪಾಲು ಜನ ಭೂಮಿಯಿಲ್ಲದ ದಲಿತರು. ಊರಲ್ಲಿ ಅವರದು ಜಮೀನುದಾರನ ಬಳಿ ತಲೆತಲಾಂತರದ ಜೀತದ ದುಡಿಮೆ. ಕೂಲಿ ಎಂದರೆ ಕಾಳು, ಅದೂ ಒಡೆಯನ ಮರ್ಜಿ. ಗಣಿಯಲ್ಲಿ ಕೂಲಿ ನಗದು. ಬಾವಿ ಬೇರೆ, ಬೀದಿ ಬೇರೆ ಎನ್ನುವ ಊರಿನ ಕಟ್ಟಳೆ ಗಣಿಯ ಆಳಕ್ಕೆ ಇಳಿಯುವ ಕೇಜಿನಲ್ಲಿ ಹಾಗೆಯೇ ನಡೆಯುವಂತಿರಲಿಲ್ಲ. ಅಂದರೆ ಅವರು ಗಣಿಗೆ ಎಳೆದು ತಂದವರಲ್ಲ, ಬಹುತೇಕ ಊರಿನಿಂದ ತಪ್ಪಿಸಿಕೊಂಡು ಬಂದವರು. ಆದರೆ ಬಂದದ್ದು ಮೇಸ್ತ್ರಿಯ ಮುಂಗಡ ಹಣದ ಮೇಲೆ. ಕೂಲಿ ಕೈಗೆ ಬರುತ್ತಿದ್ದುದು ಗುತ್ತಿಗೆದಾರನ ಮೂಲಕ, ಅವನ ಸಾಲ ಮುರಿದುಕೊಂಡ ಮೇಲೆ. ಕೂಲಿ ಲೈನುಗಳಲ್ಲಿ ಬಿದಿರು ತಟ್ಟಿಯ ಗುಡಿಸಲು. ಗುರುತಿಗೆ ಮೊದಮೊದಲು ಕೈಗೆ ತೊಡಿಸಿದ ನಂಬರಿನ ಪಟ್ಟಿ. 1930ರಲ್ಲಿ ಕಂಪನಿಗಳು ಎಲ್ಲರ ಬೆರಳಚ್ಚು ಪಡೆಯಲು ಹೊರಟಾಗ ಸಾವಿರಾರು ಕಾರ್ಮಿಕರು ಸುಮಾರು ಮೂರು ವಾರ ಕೆಲಸ ನಿಲ್ಲಿಸಿ ಪ್ರತಿಭಟಿಸಿದರು. ಬೆರಳಚ್ಚು ಕಳ್ಳರದ್ದು, ನಮ್ಮದೇಕೆ ಎಂಬುದೇ ಅವರ ಸಿಟ್ಟಿನ ತಿರುಳು. ಆಗ ನಿಮ್ಮ ತಾತ ಇನ್ನೂ ಹುಡುಗ, ಮುತ್ತಾತ ಕೆಲಸದಲ್ಲಿ ಇದ್ದಿರಬಹುದು. ಮಗನಿಗೆ ಹೇಳುವುದಾದರೆ ಇದನ್ನು ಹೇಳಿ: ಗುಲಾಮರು ಮುಷ್ಕರ ಹೂಡಲಾರರು, ಇವರು ಹೂಡಿದರು. ಹೂಡಬೇಕಾದ ಸ್ಥಿತಿಯೂ ಅವರಿಗಿತ್ತು ಎಂಬುದನ್ನು ಬಿಡದೆ ಹೇಳಿ.

ಇದಕ್ಕೆ ಅಂಟಿಕೊಂಡಿರುವ ಇನ್ನೊಂದು ಮಾತು, ಕೆಜಿಎಫ್‌ನವರೆಲ್ಲ ಹೊರಗಿನಿಂದ ಬಂದವರು ಎಂಬುದು. ಇದರಲ್ಲಿ ಅರ್ಧ ನಿಜವಿದೆ. ಕಾರ್ನ್‌ವಾಲ್‌ನಿಂದ ಗಣಿಯ ಕ್ಯಾಪ್ಟನ್‌ಗಳು ಬಂದರು, ಇಟಲಿಯವರು ಬಂದರು, ಮಲಬಾರಿನ ಮಾಪಿಳ್ಳೆಗಳು, ಪಂಜಾಬಿನ ಕಾವಲುಗಾರರು, ಆಂಗ್ಲೋ ಇಂಡಿಯನ್ನರು, ತಮಿಳರು, ತೆಲುಗರು ಬಂದರು. ಆದರೆ ವಾರನ್ ಬಂದ 1802ರಲ್ಲೇ ಮಾರಿಕುಪ್ಪದಲ್ಲಿ ಸ್ಥಳೀಯ ಕೆಳಜಾತಿಯ ಜನ ಸಣ್ಣ ಬಾವಿಗಳಂಥ ಗುಂಡಿ ತೋಡಿ, ಕಲ್ಲು ತುಂಬಿದ ಬುಟ್ಟಿಗಳನ್ನು ಕೈಯಿಂದ ಕೈಗೆ ದಾಟಿಸಿ ಮೇಲಕ್ಕೆ ತರುತ್ತಿದ್ದರು. ಅದನ್ನು ಕುಟ್ಟಿ ಪುಡಿ ಮಾಡಿ ತೊಳೆದು ಚಿನ್ನ ಬೇರ್ಪಡಿಸುತ್ತಿದ್ದವರು ಹೆಂಗಸರು. ಗಣಿಯ ಚರಿತ್ರೆಯನ್ನು 1880ರಿಂದ ಶುರು ಮಾಡುವವರು ಈ ಹೆಂಗಸರನ್ನು ಬಿಟ್ಟೇ ಶುರು ಮಾಡುತ್ತಾರೆ. ನಿಮ್ಮ ಪತ್ರದಲ್ಲೂ ಅಜ್ಜಿಯ ಮಾತು ಒಂದು ಸಾಲೂ ಇಲ್ಲ ಎಂಬುದನ್ನು ಬೇಸರಿಸದೆ ಗಮನಿಸಿ, ಅದಕ್ಕೆ ಮತ್ತೆ ಬರುತ್ತೇನೆ.

ವಿದ್ಯುತ್ತಿನ ಕಥೆಯನ್ನು ಬೇಗ ಮುಗಿಸುತ್ತೇನೆ. 1902ರ ಜೂನ್‌ನಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿ ಎಳೆದು ಗಣಿಗೆ ವಿದ್ಯುತ್ ತಂದದ್ದು ನಿಜ, ಬೆಂಗಳೂರಿಗೆ ಅದು ಬಂದದ್ದು 1905ರಲ್ಲಿ ಎಂಬುದೂ ನಿಜ. ಆದರೆ ಆ ವಿದ್ಯುತ್ತು ಬಂದದ್ದು ಕಲ್ಲು ಪುಡಿ ಮಾಡುವ ಮಿಲ್ಲುಗಳಿಗೆ, ಕೇಜು ಎಳೆಯುವ ಯಂತ್ರಗಳಿಗೆ, ದೊರೆಗಳ ಬಂಗಲೆಗಳಿಗೆ. ಲೈನಿನ ತಟ್ಟಿ ಗುಡಿಸಲಿಗಲ್ಲ.

ಈಗ ಚಿನ್ನದ ಕಳ್ಳತನ. ಕಳ್ಳತನ ಇರಲೇ ಇಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ನಿಮ್ಮ ಸಹೋದ್ಯೋಗಿಗಳು ಗಣಿಯೆಂದರೆ ಗೋಡೆಯಿಂದ ಚಿನ್ನದ ಗಟ್ಟಿ ಕಿತ್ತುಕೊಳ್ಳುವ ಜಾಗ ಎಂದು ತಿಳಿದಂತಿದೆ. ಅಲ್ಲಿದ್ದದ್ದು ಬೆಣಚುಕಲ್ಲಿನ, ಅಂದರೆ ಸ್ಫಟಿಕ ಶಿಲೆಯ, ಎಳೆ. ಚಿನ್ನ ಅದರೊಳಗೆ ಬಹುಪಾಲು ಕಣ್ಣಿಗೆ ಕಾಣದ ಕಣವಾಗಿತ್ತು. ಶ್ರೀಮಂತ ಎಳೆಗಳಲ್ಲಿ ಅಲ್ಲಲ್ಲಿ ಕಣ್ಣಿಗೆ ಕಾಣುವಂತೆ ಹೊಳೆದದ್ದೂ ಉಂಟು, ಆದರೆ ಗಣಿಯ ಕೊನೆಯ ವರ್ಷಗಳ ಹೊತ್ತಿಗೆ ಒಂದು ಟನ್ ಕಲ್ಲಿನಲ್ಲಿ ಮೂರು ನಾಲ್ಕು ಗ್ರಾಂ ಸಿಕ್ಕರೆ ಅದೇ ಹೆಚ್ಚು. ಎಂಟು ಗ್ರಾಂನ ಒಂದು ಪವನಿಗೆ ಎರಡು ಟನ್ನಿಗೂ ಮೇಲ್ಪಟ್ಟು ಕಲ್ಲನ್ನು ಮೂರು ಕಿಲೊಮೀಟರ್ ಆಳದಿಂದ ಎತ್ತಿ ತಂದು ಹಿಟ್ಟು ಮಾಡಬೇಕು. ಇದನ್ನು ಯಾರೂ ತಿಂಡಿ ಡಬ್ಬಿಯಲ್ಲಿ ಕದ್ದು ತರಲಾರರು. ಕದಿಯಲು ಸಾಧ್ಯವಿದ್ದದ್ದು ಹೆಚ್ಚಾಗಿ ಮೇಲಿನ ಮಿಲ್ಲಿನಲ್ಲಿ. ಪುಡಿಯಾದ ಕಲ್ಲಿನ ರಾಡಿಯನ್ನು ಪಾದರಸ ಸವರಿದ ತಾಮ್ರದ ತಗಡುಗಳ ಮೇಲೆ ಹರಿಸಿದಾಗ ಚಿನ್ನ ಪಾದರಸಕ್ಕೆ ಅಂಟಿ ಮುದ್ದೆಯಾಗುತ್ತಿತ್ತು, ಆ ಮುದ್ದೆಗೆ ಬೆಲೆ ಇತ್ತು. ಅದಕ್ಕಾಗಿಯೇ ಮೈಸೂರು ಸಂಸ್ಥಾನ ವಿಶೇಷ ಗಣಿ ಕಾನೂನು ತಂದು, ಅಂಥ ವಸ್ತು ಯಾರ ಬಳಿ ಸಿಕ್ಕಿತೋ ಅದು ತನಗೆ ಎಲ್ಲಿಂದ ಬಂತೆಂದು ಸಾಬೀತು ಮಾಡುವ ಹೊಣೆಯನ್ನು ಅವನ ತಲೆಯ ಮೇಲೆಯೇ ಹೊರಿಸಿತು. ಸಾಮಾನ್ಯವಾಗಿ ತಪ್ಪನ್ನು ರುಜುವಾತು ಮಾಡಬೇಕಾದವನು ಆರೋಪ ಹೊರಿಸಿದವನು, ಇಲ್ಲಿ ಅದು ತಿರುಗುಮುರುಗಾಗಿತ್ತು. ಗೇಟಿನಲ್ಲಿ ಮೈ ತಡಕುವುದು, ಲೈನಿನಲ್ಲಿ ಮನೆ ಶೋಧಿಸುವುದು ದಿನನಿತ್ಯದ ಮಾತಾಯಿತು. ಕಳ್ಳತನ ಮಾಡದವರೂ ಕಳ್ಳರಂತೆ ಬದುಕಿದ ಊರದು. ನಿಮ್ಮ ದೊಡ್ಡಪ್ಪ ‘ಒಳಗಿಡು’ ಎಂದಾಗ ಅದರಲ್ಲಿ ಅರ್ಧ ಈ ಅಭ್ಯಾಸವಿದೆ ಎಂದು ನನ್ನ ಅಂದಾಜು. ಗಣಿಯದೆನ್ನುವ ಯಾವ ಲೋಹದ ಚೂರನ್ನೂ ಅಪರಿಚಿತರೆದುರು ತೆಗೆಯಬಾರದು ಎಂಬ ಅಭ್ಯಾಸ, ಅದು ಹಿತ್ತಾಳೆಯಾದರೂ ಸರಿ.

ಉಳಿದ ಅರ್ಧ ಆ ಫೋಟೊದಲ್ಲಿದೆ. ಅದನ್ನು ನಾನು ನೋಡಿಲ್ಲ, ಹಾಗಾಗಿ ನಿಮ್ಮ ವಿವರಣೆಯನ್ನಷ್ಟೇ ನಂಬಿ ಹೇಳುತ್ತಿದ್ದೇನೆ. ಬುದ್ಧನ ಪಟ ಮತ್ತು ಮಾರಿಕುಪ್ಪಂ ಎಂಬ ಹೆಸರು ಒಟ್ಟಿಗೆ ಬಂದಾಗ ಈ ಕೆಲಸದಲ್ಲಿರುವವರಿಗೆ ನೆನಪಾಗುವುದು ಪಂಡಿತ ಅಯೋತಿ ದಾಸರ ಚಳವಳಿ. ದಲಿತರು ಮೂಲತಃ ಬೌದ್ಧರೇ ಎಂದು ವಾದಿಸಿ, 1898ರಲ್ಲಿ ಮದ್ರಾಸಿನಲ್ಲಿ ಶಾಕ್ಯ ಬೌದ್ಧ ಸಂಘವನ್ನು ಕಟ್ಟಿದವರು ಅವರು. ಅದರ ಶಾಖೆಗಳು ಅತ್ಯಂತ ಗಟ್ಟಿಯಾಗಿ ಬೇರೂರಿದ ಜಾಗಗಳಲ್ಲಿ ಕೋಲಾರದ ಗಣಿ ಒಂದು, ಮಾರಿಕುಪ್ಪಂ ಮತ್ತು ಚಾಂಪಿಯನ್ ರೀಫ್ ಅದರ ಕೇಂದ್ರಗಳು. 1914ರಲ್ಲಿ ದಾಸರು ತೀರಿಕೊಂಡ ಮೇಲೂ ಚಳವಳಿ ಅಲ್ಲಿ ನಿಲ್ಲಲಿಲ್ಲ. ಅವರು ನಡೆಸುತ್ತಿದ್ದ ‘ತಮಿಳನ್’ ಪತ್ರಿಕೆಯನ್ನು ಮುಂದೆ ಜಿ. ಅಪ್ಪಾದುರೈಯಾರ್ ಕೆಜಿಎಫ್‌ನಿಂದಲೇ ಹೊರತಂದರು, ಗಣಿ ಕಾರ್ಮಿಕರ ಊರಿನಲ್ಲೇ ಬೌದ್ಧ ಸಾಹಿತ್ಯ ಅಚ್ಚಾಗುತ್ತಿತ್ತು. ನಾಗಪುರದಲ್ಲಿ ಅಂಬೇಡ್ಕರ್ ಧಮ್ಮ ದೀಕ್ಷೆ ಪಡೆದದ್ದು 1956ರಲ್ಲಿ, ಅದಕ್ಕೆ ಎರಡು ವರ್ಷ ಮೊದಲು ಅವರು ಕೆಜಿಎಫ್‌ಗೂ ಬಂದಿದ್ದರು. ನೆಲದಡಿ ಎಂಟು ಗಂಟೆ ಕಲ್ಲು ಕೊರೆದು ಬಂದವರು ಸಂಜೆ ದೀಪದ ಬೆಳಕಿನಲ್ಲಿ ಪತ್ರಿಕೆ ಓದಿಸಿಕೊಂಡು ಜಾತಿಯ ಮೂಲವನ್ನು ಚರ್ಚಿಸುತ್ತಿದ್ದ ಊರು ನಿಮ್ಮದು.

ಒಂದು ಎಚ್ಚರಿಕೆ. ಫೋಟೊದಲ್ಲಿ ನಿಂತವರೆಲ್ಲ ಸಂಘದ ಸದಸ್ಯರೇ ಆಗಿರಬೇಕೆಂದಿಲ್ಲ. ಹುಣ್ಣಿಮೆಯ ಉತ್ಸವಕ್ಕೆ ಗೆಳೆಯನ ಜೊತೆ ಹೋದವರೂ ಇರಬಹುದು. ಹಳೆಯ ಫೋಟೊ ಸಿಕ್ಕಾಗ ಅದರಲ್ಲಿ ನಮಗೆ ಬೇಕಾದ ತಾತನನ್ನು ಕಾಣುವ ಆಸೆ ಎಲ್ಲರಿಗೂ ಇರುತ್ತದೆ, ನನಗೂ ಇದೆ.

ತಾತನ ಸಾವಿನ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ, ನನಗೆ ಪತ್ರದಲ್ಲಿ ಅತಿ ಹೆಚ್ಚು ಕಾಡಿದ ಸಾಲು ಅದು. ಇಪ್ಪತ್ತೊಂಬತ್ತು ವರ್ಷ ನೆಲದಡಿಯ ಕೆಲಸ, ಐವತ್ತರೊಳಗೆ ಸಾವು, ಕಾರಣ ಟಿಬಿ. ಸ್ಫಟಿಕ ಶಿಲೆಯನ್ನು ಕೊರೆದಾಗ ಏಳುವ ಸಣ್ಣ ಧೂಳು ಶ್ವಾಸಕೋಶದಲ್ಲಿ ಕೂತು ಗಾಯದ ಕಲೆಯಂತೆ ಗಟ್ಟಿಯಾಗುತ್ತದೆ, ಇದೇ ಸಿಲಿಕೋಸಿಸ್. ಅದು ಬಂದ ಶ್ವಾಸಕೋಶಕ್ಕೆ ಕ್ಷಯ ಸುಲಭವಾಗಿ ತಗಲುತ್ತದೆ. ಭಾರತದಲ್ಲಿ ಈ ರೋಗವನ್ನು ದೊಡ್ಡ ಪ್ರಮಾಣದಲ್ಲಿ ದಾಖಲಿಸಿದ ಮೊದಲ ಅಧ್ಯಯನ ನಡೆದದ್ದೇ ಕೆಜಿಎಫ್‌ನಲ್ಲಿ. 1940ರಿಂದ 1946ರವರೆಗೆ ಪರೀಕ್ಷಿಸಿದ 7,653 ಕಾರ್ಮಿಕರಲ್ಲಿ ಶೇ 43.7 ಮಂದಿಗೆ ಸಿಲಿಕೋಸಿಸ್ ಕಂಡುಬಂತು. ಆ ವರ್ಷಗಳಲ್ಲಿ ನಿಮ್ಮ ತಾತ ಅದೇ ಗಣಿಯಲ್ಲಿದ್ದರು. ಅವರಿಗೂ ಅದೇ ಇತ್ತೆಂದು ಈಗ ಹೇಳಲು ಸಾಧ್ಯವಿಲ್ಲ, ಆದರೆ ಮನೆಯಲ್ಲಿ ‘ಟಿಬಿ’ ಎಂದು ಪಿಸುಮಾತಿನಲ್ಲಿ ಹೇಳುವ ಕಾಯಿಲೆ ಮನೆತನದ ದೋಷವಾಗಿರದೆ ಗಣಿಯ ಧೂಳಾಗಿದ್ದಿರುವ ಸಂಭವ ದೊಡ್ಡದು. ನಾನು ವೈದ್ಯನಲ್ಲ. ಆದರೂ ಮೂವತ್ತು ವರ್ಷ ಅಲ್ಲೇ ದುಡಿದ ನಿಮ್ಮ ತಂದೆಯವರಿಗೆ ಏದುಸಿರು ಅಥವಾ ಬಿಡದ ಕೆಮ್ಮು ಇದ್ದರೆ, ಗಣಿಯಲ್ಲಿ ಕೆಲಸ ಮಾಡಿದ್ದನ್ನು ಸ್ಪಷ್ಟವಾಗಿ ಹೇಳಿ ಶ್ವಾಸಕೋಶ ತಜ್ಞರಲ್ಲಿ ಎದೆಯ ಎಕ್ಸ್‌ರೇ ಮಾಡಿಸಿ. ಧೂಳಿನ ಕೆಲಸ ಬಿಟ್ಟು ವರ್ಷಗಳಾದ ಮೇಲೂ ಈ ರೋಗ ಕಾಣಿಸಿಕೊಳ್ಳುವುದುಂಟು. ಕಸುಬು ಹೇಳದಿದ್ದರೆ ವೈದ್ಯರು ಅದನ್ನು ಬೀಡಿ ಕೆಮ್ಮು ಎಂದು ಬಗೆದುಬಿಡಬಹುದು.

ಧೂಳಿನ ಜೊತೆಗೆ ಆಳದ ಅಪಾಯ ಬೇರೆ. ಚಾಂಪಿಯನ್ ರೀಫ್ ಮೂರು ಕಿಲೊಮೀಟರಿಗೂ ಆಳಕ್ಕೆ ಇಳಿದಿತ್ತು, ಅಲ್ಲಿನ ಬಂಡೆಯ ಬಿಸಿ 60 ಡಿಗ್ರಿ ಸೆಲ್ಸಿಯಸ್ ಮೀರಿತ್ತು. ಅಷ್ಟು ಬಂಡೆಯ ಭಾರ ಮೇಲಿರುವಾಗ ಕೆಳಗೆ ಕಲ್ಲು ತೆಗೆದು ಟೊಳ್ಳು ಮಾಡಿದರೆ, ಪಕ್ಕದ ಬಂಡೆ ಬಿರುಕು ಬಿಡುವುದಿಲ್ಲ, ಸಿಡಿಯುತ್ತದೆ. ಇದನ್ನೇ ರಾಕ್ ಬರ್ಸ್ಟ್ ಎನ್ನುವುದು. ಮೇಲೆ ಲೈನಿನ ಮನೆಗಳಲ್ಲಿ ಪಾತ್ರೆ ಅಲುಗಿದರೆ ಕೆಳಗಿಳಿದವರ ಮನೆಯವರು ಗಣಿಗಿಳಿಯುವ ಬಾವಿಯಾದ ಶಾಫ್ಟಿನ ಬಳಿ ಓಡುತ್ತಿದ್ದರು. ನಿಮ್ಮ ಅಜ್ಜಿಯ ಬದುಕಿನ ಬಹುಭಾಗ ಹೀಗೆ ಕಿವಿಗೊಟ್ಟು ಕೂತದ್ದು. ಟೊಳ್ಳಿಗೆ ಆಧಾರವಾಗಿ ಮರದ ಬದಲು ಕಗ್ಗಲ್ಲಿನ ಗೋಡೆ, ಆಮೇಲೆ ಕಾಂಕ್ರೀಟು ಕೊಡಲು ಆರಂಭಿಸಿದ ಮೇಲೆ ಸಿಡಿತಗಳ ಹಾವಳಿ ಇಳಿಯಿತು. ಬಂಡೆಯ ಈ ನಡವಳಿಕೆಯನ್ನು ಅಭ್ಯಸಿಸಲು 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಹುಟ್ಟಿದ್ದೂ ಕೆಜಿಎಫ್‌ನಲ್ಲೇ.

ಇನ್ನು, ಏನು ಮಾಡಬಹುದು. ಕಾಗದದ ದಾರಿಯೊಂದಿದೆ, ಮಾತಿನ ದಾರಿಯೊಂದಿದೆ. ಎಲ್ಲರೂ ಕಾಗದದಿಂದ ಶುರು ಮಾಡುತ್ತಾರೆ. ನನ್ನ ಸಲಹೆ ಅದಕ್ಕೆ ತದ್ವಿರುದ್ಧ, ಏಕೆಂದರೆ ಕಾಗದ ಇನ್ನೂ ಹತ್ತು ವರ್ಷ ಕಾಯಬಲ್ಲದು, ದೊಡ್ಡಪ್ಪ ಕಾಯಲಾರರು.

ಆದರೆ ‘ತಾತನ ಬಗ್ಗೆ ಹೇಳಿ’ ಎಂದು ಫೋನಿನ ರೆಕಾರ್ಡರ್ ಹಿಡಿದು ಕೂತರೆ ಅವರು ಮತ್ತೆ ‘ಈಗ ಯಾಕೆ’ ಎನ್ನುತ್ತಾರೆ. ವಸ್ತುವಿನಿಂದ ಶುರು ಮಾಡಿ. ಬಿಲ್ಲೆಯನ್ನು ಅವರ ಅಂಗೈಯಲ್ಲಿ ಇಟ್ಟು ಸುಮ್ಮನಿರಿ. ಮದುವೆಯಾದ ವರ್ಷ ನೆನಪಿಲ್ಲದ ಹಿರಿಯರೊಬ್ಬರು ತಮ್ಮ ತಂದೆಯ ಬಿಲ್ಲೆಯನ್ನು ಕೈಗಿಟ್ಟ ಕೂಡಲೇ, ಅದನ್ನು ನೋಡದೆಯೇ, ಹೆಬ್ಬೆರಳಿನಿಂದ ಸವರಿ ನಾಲ್ಕು ಅಂಕಿಗಳನ್ನು ಇಂಗ್ಲಿಷಿನಲ್ಲಿ ಒಂದೊಂದಾಗಿ ಹೇಳಿದ್ದನ್ನು ನಾನು ನೋಡಿದ್ದೇನೆ. ಚಿಕ್ಕಂದಿನಲ್ಲಿ ತಂದೆಯ ಮೊಣಕಾಲಿನ ಮೇಲೆ ಕೂತು ಕಲಿತ ಮೊದಲ ಅಂಕಿಗಳು ಅವೇ ಅಂತೆ. ಆ ಮೇಲಿನ ಪ್ರಶ್ನೆಗಳು ಸಣ್ಣವಾಗಿರಲಿ: ಯಾವ ಶಾಫ್ಟು, ಎಷ್ಟನೇ ಲೆವೆಲ್, ಮೇಸ್ತ್ರಿ ಯಾರು, ಮನೆ ಯಾವ ಲೈನಿನಲ್ಲಿ ಎಷ್ಟನೆಯದು, ನೀರು ಎಲ್ಲಿಂದ ತರುತ್ತಿದ್ದರು, ಪಾಳಿಯ ಸಂಗು, ಅಂದರೆ ಸೈರನ್, ಕೂಗಿದಾಗ ಮನೆಯಲ್ಲಿ ಏನು ನಡೆಯುತ್ತಿತ್ತು. ನಿಮ್ಮ ತಂದೆಯವರನ್ನು ಕೇಳಲು ಬೇರೆಯದೊಂದಿದೆ. ಚಾಂಪಿಯನ್ ರೀಫ್‌ನಲ್ಲಿ ಸುಮಾರು 2.3 ಕಿ.ಮೀ. ಆಳದಲ್ಲಿ ವಿಜ್ಞಾನಿಗಳು ಉಪಕರಣ ಹೂಡಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಅತಿ ಸೂಕ್ಷ್ಮ ಕಣಗಳನ್ನು 1965ರಲ್ಲಿ ಪತ್ತೆ ಹಚ್ಚಿದ್ದರು, ಆ ಪ್ರಯೋಗಗಳು 1990ರ ದಶಕದ ಆರಂಭದವರೆಗೂ ನಡೆದವು. ಆ ಉಪಕರಣಗಳನ್ನು ಕೆಳಗಿಳಿಸಿದ್ದು ಯಾರ ಭುಜ ಎಂದು ಕೇಳಿ. ಅಜ್ಜಿಯ ಬಗ್ಗೆ ಅಮ್ಮನನ್ನು, ಅತ್ತೆಯರನ್ನು ಪ್ರತ್ಯೇಕವಾಗಿ ಕೇಳಿ, ಗಂಡಸರು ಕೂತಿರುವಾಗ ಬೇಡ. ಹೆಂಗಸರು ಗಣಿಯ ಮೇಲ್ಗಡೆಯ ಕೆಲಸಕ್ಕೆ ಹೋಗುತ್ತಿದ್ದರು, ಸಾಲದ ಲೆಕ್ಕವನ್ನು ಬಾಯಲ್ಲೇ ಇಟ್ಟುಕೊಂಡಿರುತ್ತಿದ್ದರು, ಮೇಸ್ತ್ರಿಯ ಹೆಸರು ಅವರಿಗೆ ಚೆನ್ನಾಗಿಯೇ ನೆನಪಿರುತ್ತದೆ.

ಈ ದಾರಿಯ ಅಪಾಯವನ್ನೂ ಹೇಳಬೇಕು. ನೆನಪು ಎರಡು ಘಟನೆಗಳನ್ನು ಒಂದಾಗಿ ಬೆಸೆಯುತ್ತದೆ. 1930ರ ಬೆರಳಚ್ಚಿನ ಮುಷ್ಕರವನ್ನೂ, ಪೊಲೀಸರ ಗುಂಡಿಗೆ ಕಾರ್ಮಿಕರು ಬಲಿಯಾದ 1946ರ ಮುಷ್ಕರವನ್ನೂ ಒಂದೇ ಕಥೆಯಾಗಿ ಹೇಳುವವರನ್ನು ನಾನು ಹಲವು ಸಲ ಕಂಡಿದ್ದೇನೆ. ಅಲ್ಲೇ ತಿದ್ದಬೇಡಿ, ಹೇಳಿದಂತೆ ಬರೆದುಕೊಳ್ಳಿ, ಆಮೇಲೆ ಹೊಂದಿಸಿ ನೋಡಿ. ಇನ್ನೊಂದು ಅಪಾಯ ಹೆಚ್ಚು ಸೂಕ್ಷ್ಮ. ಒಡಹುಟ್ಟಿದವನ ಅಥವಾ ತಂದೆಯ ದೇಹವನ್ನು ಮೇಲೆ ತಂದ ದಿನವನ್ನು ನೆನೆಸಿಕೊಂಡ ಹಿರಿಯರು ಆಮೇಲೆ ರಾತ್ರಿಗಳನ್ನು ಹೇಗೆ ಕಳೆಯುತ್ತಾರೆಂಬುದನ್ನು ಪ್ರಶ್ನೆ ಕೇಳಿ ಎದ್ದು ಹೋದವರು ನೋಡುವುದಿಲ್ಲ. ಒಂದು ಸಲಕ್ಕೆ ಮುಕ್ಕಾಲು ಗಂಟೆ ಸಾಕು. ಬೇಡವೆಂದರೆ ಅಲ್ಲಿಗೆ ನಿಲ್ಲಿಸಿ.

ಕಾಗದದ ವಿಷಯದಲ್ಲಿ ನಿಮ್ಮ ತಾತನ ಕಾಲ ನಿಮಗೆ ಸ್ವಲ್ಪ ಅನುಕೂಲ ಮಾಡಿಕೊಟ್ಟಿದೆ. 1956ಕ್ಕಿಂತ ಹಿಂದಿನ ಕೂಲಿ ದಾಖಲೆಗಳು ಖಾಸಗಿ ಕಂಪನಿಯವು, ಅವುಗಳಲ್ಲಿ ಸಾಮಾನ್ಯ ಕಾರ್ಮಿಕನ ಜಾಡು ಹಿಡಿಯುವುದು ಬಹಳ ಕಷ್ಟ. ಆದರೆ ಅವರು ಕೊನೆಯ ಏಳು ವರ್ಷ ಸರ್ಕಾರದ ಕೈಕೆಳಗಿನ ಗಣಿಯಲ್ಲಿದ್ದರು, ಸೇವೆಯಲ್ಲಿರುವಾಗಲೇ ತೀರಿಕೊಂಡಿದ್ದರೆ ಬಾಕಿ ಹಣ ಕೊಟ್ಟ ಕಾಗದವಾದರೂ ಹುಟ್ಟಿರಬೇಕು. ಮೊದಲು ಮನೆಯ ಟ್ರಂಕು ನೋಡಿ. ತಂದೆಯವರ ಸೇವಾ ಪತ್ರಗಳಲ್ಲಿ ತಾತನ ಹೆಸರನ್ನು ಹೇಗೆ ಬರೆದಿದ್ದಾರೆಂಬುದನ್ನು ಅಕ್ಷರ ಬಿಡದೆ ನಕಲು ಮಾಡಿಕೊಳ್ಳಿ, ಯಾಕೆಂದರೆ ಇಂಗ್ಲಿಷಿನಲ್ಲಿ ಬರೆಯುವ ಗುಮಾಸ್ತರ ಕೈಯಲ್ಲಿ ಒಂದೇ ಹೆಸರು ನಾಲ್ಕು ಬಗೆಯಾಗುತ್ತಿತ್ತು. ಆ ಹೆಸರು, ಬಿಲ್ಲೆಯ ನಂಬರು, ಮನೆಯ ಲೈನು ಮೂರನ್ನೂ ಸೇರಿಸಿ, ಗಣಿ ಸಚಿವಾಲಯದ ಅಧೀನದಲ್ಲಿ ಇನ್ನೂ ಕಾನೂನಾತ್ಮಕವಾಗಿ ಉಳಿದಿರುವ ಭಾರತ್ ಗೋಲ್ಡ್ ಮೈನ್ಸ್‌ಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. ಶುಲ್ಕ 10 ರೂಪಾಯಿ, ಉತ್ತರ 30 ದಿನಗಳಲ್ಲಿ ಬರಬೇಕು. ಬೇರೊಬ್ಬರ ಖಾಸಗಿ ಮಾಹಿತಿ ಎಂದು ತಳ್ಳಿಹಾಕದಂತೆ, ನೀವು ಮೊಮ್ಮಗಳು ಎಂಬುದಕ್ಕೆ ದಾಖಲೆ ಲಗತ್ತಿಸಿ, ಅರ್ಜಿಯನ್ನು ತಂದೆಯವರ ಹೆಸರಿನಲ್ಲೇ ಹಾಕಿದರೆ ಇನ್ನೂ ಒಳ್ಳೆಯದು. ಕಡತ ಸಿಕ್ಕೇ ಸಿಗುತ್ತದೆಂಬ ಖಾತರಿ ಇಲ್ಲ. ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿ ಸಂಸ್ಥಾನದ ಕಾಲದ ಗಣಿ ಸಂಬಂಧಿ ಕಡತಗಳಿವೆ. ಅಲ್ಲಿ ಒಬ್ಬ ವ್ಯಕ್ತಿಯನ್ನು ಹುಡುಕುವುದಕ್ಕಿಂತ ಮುಷ್ಕರ, ಅಪಘಾತ, ಕೂಲಿ ಲೈನುಗಳ ಸ್ಥಿತಿ ಇಂಥವನ್ನು ಓದಿ ಅವರ ಸುತ್ತಲಿನ ಜಗತ್ತನ್ನು ಕಟ್ಟಿಕೊಳ್ಳಬಹುದು. ಮನೆಯಲ್ಲಿ ಯಾರಾದರೂ ಕ್ರೈಸ್ತರಾಗಿದ್ದರೆ ಚರ್ಚುಗಳ ದೀಕ್ಷಾಸ್ನಾನ, ಮದುವೆ, ಸಮಾಧಿ ಪುಸ್ತಕಗಳು ಬಹಳ ನಂಬಿಕಸ್ಥ ದಾಖಲೆಗಳು.

ಕಾಗದದ ದಾರಿಯ ಅಪಾಯ, ಅದು ನಿಮಗೆ ಬೇಡದ್ದನ್ನೂ ಹೇಳಬಲ್ಲದು. ‘ವಜಾ’ ಎಂಬ ಒಂದು ಪದ ಸಿಕ್ಕಿತೆಂದುಕೊಳ್ಳಿ. ಗೇಟಿನಲ್ಲಿ ಅನುಮಾನ ಬಂದದ್ದಕ್ಕೂ, ಯೂನಿಯನ್ನಿನ ಸಭೆಗೆ ಹೋದದ್ದಕ್ಕೂ, ಮೇಸ್ತ್ರಿಯ ಕೋಪಕ್ಕೂ ಅದೇ ಪದ ಬರುತ್ತಿದ್ದ ಕಾಲ ಅದು. ನಂಬರಿನ ಪಕ್ಕದಲ್ಲಿ ಬರೆದದ್ದನ್ನೆಲ್ಲ ನಿಜವೆಂದು ಓದಬಾರದು. ಬರೆದವನು ಯಾರ ಪಗಾರ ತಿನ್ನುತ್ತಿದ್ದ ಎಂಬುದನ್ನೂ ಸೇರಿಸಿ ಓದಬೇಕು.

ದೊಡ್ಡಪ್ಪನ ಮೌನದ ಬಗ್ಗೆ ನೇರವಾಗಿ ಹೇಳುತ್ತೇನೆ. ತಿಳಿದುಕೊಳ್ಳುವುದು ನಿಮ್ಮ ಹಕ್ಕು, ಪ್ರಕಟಿಸುವುದು ನಿಮ್ಮೊಬ್ಬರ ಹಕ್ಕಲ್ಲ. ಜಾತಿ ಗೊತ್ತಾದರೆ ಬಾಡಿಗೆ ಮನೆ ಸಿಗದ, ಮಕ್ಕಳ ಸಂಬಂಧ ಮುರಿದುಬೀಳುವ ಅನುಭವ ಆ ತಲೆಮಾರಿಗೆ ಆಗಿದೆ. ಅವರ ಹೆದರಿಕೆಯನ್ನು ಹಳೆಯ ಕಾಲದ್ದೆಂದು ತಳ್ಳಿಹಾಕುವ ಧೈರ್ಯ ನನಗಂತೂ ಇಲ್ಲ. ಬರೆದಿಟ್ಟುಕೊಳ್ಳಿ, ಮಗನಿಗೆ ಹೇಳಿ, ಆದರೆ ಫೋಟೊವನ್ನು ಫೇಸ್‌ಬುಕ್ಕಿಗೆ ಹಾಕುವ ಮುನ್ನ ಅದರಲ್ಲಿರುವವರ ಮನೆಯವರನ್ನೂ ದೊಡ್ಡಪ್ಪನನ್ನೂ ಕೇಳಿ. ಒಪ್ಪಿದರೆ ಒಂದು ಪ್ರತಿಯನ್ನು ಊರಿನ ಬೌದ್ಧ ಸಂಘದ ಹಿರಿಯರಿಗೆ ತೋರಿಸಿ, ಮುಖಗಳನ್ನು ಗುರುತಿಸುವವರು ಅಲ್ಲಿ ಇನ್ನೂ ಇರಬಹುದು.

ಒಮ್ಮೆ ಮಗನನ್ನು ಕರೆದುಕೊಂಡು ಊರಿಗೆ ಹೋಗಿ, ಸಾಧ್ಯವಾದರೆ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗಿನ ರೈಲಿನಲ್ಲೇ. ಅದು 1894ರಲ್ಲಿ ಗಣಿಗೆಂದೇ ಹಾಕಿದ ಹಳಿ, ಈಗ ಬೆಳಗಿನ ಜಾವ ಬೆಂಗಳೂರಿನ ಕೆಲಸಕ್ಕೆ ಹೊರಡುವ ಮಾಜಿ ಗಣಿ ಕುಟುಂಬಗಳ ಮಕ್ಕಳಿಂದ ಅದೇ ರೈಲು ತುಂಬಿರುತ್ತದೆ. ಸೈನೈಡ್ ಗುಡ್ಡಗಳನ್ನು ತೋರಿಸಿ. ನಿಮ್ಮ ಮೂರು ತಲೆಮಾರು ಕೆಳಗಿನಿಂದ ತಂದ ಕಲ್ಲು, ಚಿನ್ನ ತೆಗೆದ ಮೇಲೆ ಹಿಟ್ಟಾಗಿ ಬಿದ್ದಿರುವುದು ಅದೇ. ಅವು 13 ಇವೆ, ಸುಮಾರು 3.3 ಕೋಟಿ ಟನ್. ಅವುಗಳಲ್ಲಿ ಉಳಿದಿರುವ ಚಿನ್ನಕ್ಕಾಗಿ ಹರಾಜು ಹಾಕುವ ಕೇಂದ್ರದ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿದೆ, ಹಾಗಾಗಿ ಆ ಗುಡ್ಡಗಳು ಎಷ್ಟು ಕಾಲ ಅಲ್ಲೇ ಇರುತ್ತವೆಂದು ಹೇಳಲಾಗದು. ಬಿರುಗಾಳಿಯ ದಿನ ಮಾತ್ರ ಹತ್ತಿರ ಹೋಗಬೇಡಿ. ಮುಚ್ಚಿದ ಶಾಫ್ಟುಗಳ ಬೇಲಿ ದಾಟಬೇಡಿ, ಒಳಗೆ ನೀರು ತುಂಬಿದೆ.

ಬಿಲ್ಲೆಯ ಬಗ್ಗೆ ಒಂದು ಮಾತು. ಹಿತ್ತಾಳೆ ಕಪ್ಪಾಗಿದೆ ಎಂದು ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಇಪ್ಪತ್ತೊಂಬತ್ತು ವರ್ಷದ ಬೆರಳಿನಲ್ಲಿ ಈಗಾಗಲೇ ಸವೆದಿರುವ ಅಂಕಿಗಳು ಇನ್ನೊಂದು ಸಲ ಉಜ್ಜಿದರೆ ಹೋಗಿಬಿಡುತ್ತವೆ. ಬೆಳಗಿನ ಓರೆ ಬಿಸಿಲಿಗೆ ಹಿಡಿದು ಎರಡೂ ಬದಿಯ ಫೋಟೊ ತೆಗೆಯಿರಿ, ಅಂಚಿನಲ್ಲಿ ಸಣ್ಣದೊಂದು ಗೀರು ಅಥವಾ ಅಕ್ಷರ ಇದೆಯೇ ನೋಡಿ. ಹಲವರು ತಮ್ಮ ಬಿಲ್ಲೆ ಬೇರೆಯವರದರ ಜೊತೆ ಕಲೆಯದಿರಲೆಂದು ಮೊಳೆಯಿಂದ ತಮ್ಮ ಹೆಸರಿನ ಮೊದಲಕ್ಷರವನ್ನು ಅಂಚಿನಲ್ಲಿ ಕೊರೆದುಕೊಳ್ಳುತ್ತಿದ್ದರು.